ಮೂರು ಪೆಟ್ಟಿನ ಚಹಾ

ಕಿಟಕಿಯಮ್ಮ ಪಾತ್ರೆಯ ಕಂಠಕ್ಕೆ ಸೌಟಿನಿಂದ ಇನ್ನೊಮ್ಮೆ ಬಡಿದಳು. ಈ ಸಲ ತುಸು ಜೋರಾಗಿಯೇ. ಪಕ್ಕದ ಮನೆಯ ನಾಯಿ ನಿದ್ದೆಯಿಂದೆದ್ದು ಬೊಗಳಿತು. ಕಿಟಕಿಯಾಚೆ ತಗಡಿನ ಮಾಡಿನ ಕೆಳಗೆ ಕಲ್ಲು ಕೆತ್ತುತ್ತ ಕೂತಿದ್ದ ಗಂಡ ಮಾತ್ರ ತಲೆಯೆತ್ತಲಿಲ್ಲ. ಅವಳು ಸೌಟನ್ನು ಕೈಯಲ್ಲೇ ಹಿಡಿದು ಕಾದಳು. ಎದುರು ಗೋಡೆಯ ಮೇಲಿನ ಬಿಸಿಲು ಮೆಲ್ಲಗೆ ಸರಿಯುತ್ತ ಬಂದು ಅಂಗಿ ನೇತುಹಾಕುವ ಮೊಳೆಯನ್ನು ಮುಟ್ಟಿತು. ಶಿಲ್ಪಿ ಆ ಮೊಳೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಪಕ್ಕದಲ್ಲಿ ಬಿದ್ದಿದ್ದ ಕಲ್ಲಿನ ತುಂಡಿಗೆ ಟಣ್, ಟಣ್, ಟಣ್ ಎಂದು ಮೂರು ಪೆಟ್ಟು ಕೊಟ್ಟು, ಮಂಡಿ ಹಿಡಿದುಕೊಂಡು ಎದ್ದ.

"ಪಾತ್ರೆ ಸದ್ದು ಕೇಳಿಸ್ತು, ಬಂದೆ," ಎಂದ, ಲೋಟಕ್ಕೆ ಕೈಚಾಚುತ್ತ.

"ಮತ್ತೆ? ಕೇಳಿಸ್ದೆ ಏನು!" ಎಂದಳು ಕಿಟಕಿಯಮ್ಮ.

ಆ ಚಹಾ ಒಮ್ಮೆ ಆರಿ, ಮತ್ತೆ ಬಿಸಿಯಾಗಿತ್ತು. ಅದನ್ನು ಅವಳು ಹೇಳಲಿಲ್ಲ. ಹೇಳದೆ ಇರುವುದು ಈಚೆಗೆ ಅವಳಿಗೆ ಅಡುಗೆ ಮಾಡಿದಷ್ಟೇ ದಿನನಿತ್ಯದ ಕೆಲಸವಾಗಿತ್ತು.

ಕಿಟಕಿಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಅಡುಗೆಮನೆಯ ಆ ಒಂದೇ ಕಿಟಕಿಯಲ್ಲಿ ನಿಂತು ಅವಳು ತರಕಾರಿ ಹೆಚ್ಚಿದ್ದಾಳೆ, ಮಗಳಿಗೆ ಜಡೆ ಹಾಕಿದ್ದಾಳೆ, ಬೀದಿಯ ಅರ್ಧ ಜಗಳಗಳಿಗೆ ತೀರ್ಪು ಹೇಳಿದ್ದಾಳೆ. ಕಿಟಕಿಯ ಈಚೆ ಒಲೆ, ಆಚೆ ಕಲ್ಲು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನನ್ನು ಕೂಗಿ ಕರೆಯಲು ನಾಚಿಕೆ. ಅತ್ತೆ ಹಜಾರದಲ್ಲೇ ಕೂತಿರುತ್ತಿದ್ದಳು. ಹಾಗಾಗಿ ಚಹಾ ಆದಾಗ ಪಾತ್ರೆಯ ಕಂಠಕ್ಕೆ ಸೌಟಿನಿಂದ ಒಂದು ಪೆಟ್ಟು ಹಾಕುತ್ತಿದ್ದಳು. ಅವನು ಕಲ್ಲಿನ ಮೇಲೆ ಮೂರು ಪೆಟ್ಟು ಕೊಟ್ಟರೆ 'ಬಂದೆ' ಎಂದು, ಎರಡೇ ಕೊಟ್ಟರೆ 'ಸ್ವಲ್ಪ ತಡಿ' ಎಂದು. ಇನ್ನೂ ಕೆಲವು ಪೆಟ್ಟುಗಳಿದ್ದವು. ಅವನ್ನೆಲ್ಲ ಬಿಡಿಸಿ ಹೇಳುವುದು ಬೇಡ. "ಈ ಮನೇಲಿ ಪಾತ್ರೆ ಬಡಿಯೋದು, ಕಲ್ಲು ಬಡಿಯೋದು ಬಿಟ್ರೆ ಗಂಡ ಹೆಂಡತಿ ಮಧ್ಯೆ ಮಾತೇ ಇಲ್ವಲ್ಲ," ಎಂದು ಅತ್ತೆ ಬಂದವರ ಹತ್ತಿರ ಮರುಗುತ್ತಿದ್ದಳು. ಪಾಪ, ಅವಳ ಮೂಗಿನ ಕೆಳಗೇ ಅಷ್ಟೊಂದು ಮಾತು ನಡೆಯುತ್ತಿತ್ತು.

ವರ್ಷಗಳು ಉರುಳಿದ ಹಾಗೆ ಕಿಟಕಿಯಮ್ಮನ ಕಿವಿ ಪಳಗಿತು. ಆಚೆ ಏನು ಕೆತ್ತುತ್ತಿದ್ದಾನೆ ಎಂದು ನೋಡಬೇಕಾಗಿಯೇ ಇರಲಿಲ್ಲ. ಬಟ್ಟೆಯ ನೆರಿಗೆಯಾದರೆ ಪೆಟ್ಟುಗಳು ಉದ್ದುದ್ದ ಸಾಲಾಗಿ ಬರುತ್ತಿದ್ದವು. ಕೂದಲಾದರೆ ಗಡಿಬಿಡಿ. ಕಣ್ಣಿಗೆ ಬಂದಾಗ ಒಂದು ಪೆಟ್ಟು, ಆಮೇಲೊಂದು ಉಸಿರು, ಮತ್ತೆ ಒಂದು ಪೆಟ್ಟು. ಆ ಹೊತ್ತಿನಲ್ಲಿ ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ, ಮಗಳನ್ನೂ ಸುಮ್ಮನಿರಿಸುತ್ತಿದ್ದಳು. ಎಲ್ಲದಕ್ಕಿಂತ ಹೆಚ್ಚಾಗಿ ಅವಳಿಗೆ ಕಲ್ಲಿನ ಗುಣ ಕೇಳಿಸುತ್ತಿತ್ತು. ಒಳ್ಳೆಯ ಕಲ್ಲು ಗಂಟೆಯ ಹಾಗೆ ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಒಡಕು ಮಡಕೆಯ ಹಾಗೆ ದಪ್ ಎನ್ನುತ್ತದೆ. "ಕಲ್ಲು ನೋಡೋಕೆ ಹೋದವನು ಮೊದಲು ಕಣ್ಣು ಮುಚ್ಚಬೇಕು," ಎಂದು ಶಿಲ್ಪಿಯೇ ಅವಳಿಗೆ ಕಲಿಸಿದ್ದ. ಸಂತೆಯಲ್ಲಿ ಅವಳು ಮಡಕೆ ತಟ್ಟಿ ಆರಿಸುವುದನ್ನು ಕಂಡು, "ನಿಂಗೆ ನಮ್ಮ ಕಸುಬಿನ ಕಿವಿ ಇದೆ ಕಣೇ," ಎಂದಿದ್ದ. ಅವನು ಅವಳನ್ನು ಬಾಯಿ ತುಂಬ ಹೊಗಳಿದ್ದು ಕಡಿಮೆ. ಆ ಮಾತನ್ನು ಅವಳು ಒಡವೆಯ ಹಾಗೆ ಎತ್ತಿಟ್ಟುಕೊಂಡಿದ್ದಳು.

ಉಳಿಪೆಟ್ಟು ತಿನ್ನದೆ ಕಲ್ಲು ಮೂರ್ತಿಯಾಗುವುದಿಲ್ಲ ಎಂದು ದೊಡ್ಡವರೇನೋ ಹೇಳುತ್ತಾರೆ. ಹಾಗೆ ಹೇಳಿದವರು ಕೆತ್ತುವವನ ಮನೆಯಲ್ಲಿ ಸಂಸಾರ ಮಾಡಿದವರಲ್ಲ. ಕಲ್ಲಿಗೆ ಬಿದ್ದ ಒಂದೊಂದು ಪೆಟ್ಟೂ ಅವನ ಕಿವಿಗೂ ಬಿದ್ದಿತ್ತು. ಮೊದಲು ಹಕ್ಕಿಗಳ ಸದ್ದು ಹೋಯಿತು. ಆಮೇಲೆ ಹಾಲಿನವನ ಸೈಕಲ್ ಗಂಟೆ. ಆಮೇಲೆ ಪಾತ್ರೆಯ ಕಂಠ. ಅವನು ಯಾರಿಗೂ ಹೇಳಲಿಲ್ಲ. ನಾಲಿಗೆಗೆ ರುಚಿ ಹೋದ ಅಡುಗೆಯವನನ್ನು ಯಾರು ಮನೆಗೆ ಕರೆಯುತ್ತಾರೆ? ಕಿಟಕಿಯಮ್ಮನೂ ಹೇಳಲಿಲ್ಲ. ಗಿರಾಕಿಗಳು ಬಂದರೆ ತಾನೂ ಪಕ್ಕದಲ್ಲಿ ಕೂತು, "ಏನಂದ್ರಿ? ಎತ್ತರ ಇಷ್ಟೇ ಸಾಕು ಅಂದ್ರಾ?" ಎಂದು ಅವರ ಮಾತನ್ನೇ ದೊಡ್ಡದಾಗಿ ಮತ್ತೊಮ್ಮೆ ಆಡುತ್ತಿದ್ದಳು. ಮುದುಕಿಗೆ ಕಿವಿ ಮಂದ ಎಂದುಕೊಂಡು ಅವರು ಹೋಗುತ್ತಿದ್ದರು.

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಮಾತ್ರ ಬಿಡುವವಳಲ್ಲ. ವಾರಕ್ಕೊಮ್ಮೆ ಬಂದಾಗಲೆಲ್ಲ ಅದೇ ರಾಗ.

"ಅಮ್ಮ, ಅಪ್ಪಂಗೆ ಕಿವಿ ಕೇಳಿಸ್ತಿಲ್ಲ."

"ನಿಮ್ಮಪ್ಪ ಮೊದಲಿಂದಲೂ ಹಾಗೇ. ಬೇಕಾದ್ದನ್ನ ಮಾತ್ರ ಕೇಳಿಸ್ಕೋತಾರೆ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನಮ್ಮ ಟೀವಿ ಸದ್ದಿಗೆ ಪಕ್ಕದ ಮನೆಯವರು ಅವರ ಟೀವಿ ಹಾಕೋದೇ ಬಿಟ್ಟಿದ್ದಾರೆ. ಗೋಡೆಗೆ ಕುರ್ಚಿ ಹಾಕ್ಕೊಂಡು ವಾರ್ತೆ ಕೇಳ್ತಾರೆ!"

"ಕೇಳ್ಲಿ ಬಿಡು, ಕರೆಂಟು ಉಳಿಯುತ್ತೆ," ಎಂದು ಕಿಟಕಿಯಮ್ಮ ಮಾತು ಹಾರಿಸುತ್ತಿದ್ದಳು.

ಹೀಗಿರುವಾಗ ಆ ಕಲ್ಲು ಬಂತು.

ಹೆರಿಗೆ ಆಸ್ಪತ್ರೆಯ ಹಳೆಯ ದಾದಿ ತೀರಿಕೊಂಡು ಒಂದಷ್ಟು ಕಾಲವಾಗಿತ್ತು. ಊರಿನ ಅರ್ಧ ಜನ ಮೊದಲು ಕಂಡಿದ್ದು ಆಕೆಯ ಮುಖವನ್ನೇ. ಹೊಸ ವಾರ್ಡು ತೆರೆಯುವ ಹೊತ್ತಿಗೆ ಆಸ್ಪತ್ರೆಯ ಮುಂದೆ ಅವಳದೊಂದು ಮೂರ್ತಿ ಇರಬೇಕು ಎಂದು ಅಲ್ಲಿಯ ದೊಡ್ಡ ನರ್ಸಮ್ಮ ಹಟ ಹಿಡಿದು ಎಲ್ಲರನ್ನೂ ಒಪ್ಪಿಸಿ ಬಂದಿದ್ದಳು. ಕೈಯಲ್ಲಿ ಮಸುಕಾದ ಒಂದು ಫೋಟೋ. "ಇದರಲ್ಲಿ ಮುಖ ಸರಿಯಾಗಿ ಕಾಣಲ್ಲ," ಎಂದು ಅವಳು ಸಂಕೋಚಪಟ್ಟಾಗ ಶಿಲ್ಪಿ ಫೋಟೋವನ್ನು ಹಿಂದಕ್ಕೆ ಕೊಟ್ಟುಬಿಟ್ಟ.

"ಆಕೆ ಮುಖಕ್ಕೆ ನಂಗೆ ಫೋಟೋ ಬೇಡಮ್ಮ."

ಬೇಡವೇ ಬೇಡ. ಮಗಳು ಹುಟ್ಟಿದ್ದು ಈ ಮನೆಯಲ್ಲೇ. ನೋವು ಜೋರಾದಾಗ ಹೆದರಿದ ಶಿಲ್ಪಿ ಸುತ್ತಿಗೆ ಕೆಳಗಿಟ್ಟು ಬಾಗಿಲ ಬಳಿ ನಿಂತಿದ್ದ. ದಾದಿ ಕಿಟಕಿಯಿಂದ ತಲೆ ಹೊರಹಾಕಿ ಗದರಿದಳು: "ಯಾಕಯ್ಯಾ ನಿಲ್ಲಿಸ್ದೆ? ನಿನ್ನ ಬಡಿತದ ತಾಳಕ್ಕೆ ಇವಳು ಉಸಿರು ಬಿಡ್ತಿದ್ದಾಳೆ. ಬಡಿ, ಬಡಿ!" ಅವನು ಓಡಿಹೋಗಿ, ಯಾತಕ್ಕೂ ಬಾರದ ಒಂದು ಕಲ್ಲನ್ನು ಹಿಡಿದು, ಮಗು ಅಳುವ ತನಕ ಬಡಿದ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮಗುವನ್ನು ತಂದು ತೋರಿಸುವಾಗ ದಾದಿ ಬಾಯಿಯ ಒಂದೇ ಬದಿಯಿಂದ ನಕ್ಕಿದ್ದಳು. ಅವಳು ನಗುತ್ತಿದ್ದುದೇ ಹಾಗೆ, ಎಡಗಡೆಯ ತುಟಿ ಮೇಲೇರಿ, ಇನ್ನೊಂದು ಬದಿಗೆ ಇನ್ನೂ ಕೆಲಸ ಬಾಕಿಯಿದೆ ಎನ್ನುವ ಹಾಗೆ. ಆ ನಗು ಬರಬೇಕು, ಅದೊಂದು ಬಂದರೆ ಸಾಕು, ತನ್ನ ಕಸುಬು ಸಾರ್ಥಕ ಎಂದು ಶಿಲ್ಪಿ ಊಟದ ತಟ್ಟೆಯ ಮುಂದೆ ಹೇಳಿಕೊಂಡಿದ್ದ.

ಕಲ್ಲು ಆರಿಸಲು ಎಂದಿನಂತೆ ಅವನೊಬ್ಬನೇ ಹೋದ. ಲಾರಿಯಲ್ಲಿ ಬಂದ ಕಲ್ಲನ್ನು ಇಳಿಸಿ, ಮಾಡಿನ ಕೆಳಗೆ ನಿಲ್ಲಿಸಿ, ದೊಡ್ಡ ಉಳಿಯಿಂದ ಒರಟು ಕೆಲಸ ಶುರುಮಾಡಿದ. ಒಳಗೆ ಹಿಟ್ಟು ಕಲಸುತ್ತಿದ್ದ ಕಿಟಕಿಯಮ್ಮನ ಕೈ ನಿಂತಿತು. ಮೇಲ್ಭಾಗದಲ್ಲಿ ಎಲ್ಲೋ ಒಂದು ಕಡೆ ಸದ್ದು ಸರಿಯಿರಲಿಲ್ಲ.

ಕಲ್ಲಿನ ಹೊರಗಿನ ಸಿಪ್ಪೆ ಯಾವಾಗಲೂ ಮಂಕಾಗಿಯೇ ಕೂಗುತ್ತದೆ, ಒಳಗೆ ಹೋದಂತೆ ಸರಿಹೋದೀತು ಎಂದು ತನಗೆ ತಾನೇ ಹೇಳಿಕೊಂಡಳು. ಆ ವಾರವೆಲ್ಲ ಶಿಲ್ಪಿ ಚಹಾಕ್ಕೆ ಬಂದಾಗ ಬೇಗ ಹೋಗುತ್ತಿರಲಿಲ್ಲ. ಲೋಟ ಬರಿದಾದ ಮೇಲೂ ಕಿಟಕಿಯ ಬಳಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದ. ತನ್ನ ಗುಟ್ಟು ಇವಳಿಗೆ ತಿಳಿಯಿತೋ ಏನೋ ಎಂಬ ಅಂಜಿಕೆ ಇರಬೇಕು ಎಂದುಕೊಂಡಳು ಕಿಟಕಿಯಮ್ಮ. ಮುಖವನ್ನೆಲ್ಲ ನಗುವಾಗಿಸಿಕೊಂಡು, "ಇನ್ನೊಂದು ಸ್ವಲ್ಪ ಚಹಾ ಹಾಕ್ಲಾ?" ಎನ್ನುತ್ತಿದ್ದಳು. ಅವನು ಸಮಾಧಾನದಿಂದ ಹಿಂದಿರುಗುತ್ತಿದ್ದ.

ತಿಂಗಳುಗಳು ಕಳೆದವು. ಸೀರೆಯ ನೆರಿಗೆ ಬಂತು. ಮಗುವನ್ನು ಹಿಡಿದ ಎರಡು ಅಂಗೈ ಬಂದವು. ಒಂದು ಬೆರಳಿನ ಗೆಣ್ಣಿಗೇ ದಿನಗಟ್ಟಲೆ ಹಿಡಿಯಿತು. ಒಂದು ಪೆಟ್ಟು ಹೆಚ್ಚಾದರೆ ಬೆರಳೇ ಹೋಗುತ್ತದೆ, ಕಲ್ಲಿಗೆ ಮತ್ತೆ ಬೆರಳು ಚಿಗುರುವುದಿಲ್ಲ. ಸಂಜೆ ಅವನ ಬೆನ್ನಿಗೆ ಎಣ್ಣೆ ತಿಕ್ಕುವಾಗ ಕಿಟಕಿಯಮ್ಮನ ಕೈಗೆ ಮೂಳೆ ಮೂಳೆಯೂ ಸಿಗುತ್ತಿತ್ತು. ಕಲ್ಲಿನಲ್ಲಿ ಮಾಂಸ ತುಂಬಿದಷ್ಟೂ ಇವನದು ಕರಗುತ್ತಿದೆ ಎನ್ನಿಸುತ್ತಿತ್ತು. ಆದರೂ ಅವನು ಗುನುಗಿಕೊಂಡು ಕೆಲಸ ಮಾಡುತ್ತಿದ್ದ, ಶ್ರುತಿ ತಪ್ಪಿ, ಬಹಳ ಜೋರಾಗಿ. ಎಷ್ಟೋ ವರ್ಷಗಳ ಮೇಲೆ ಅವನು ಗುನುಗುವುದನ್ನು ಕೇಳಿ ಅವಳಿಗೆ ಹಿಗ್ಗಾಗಿತ್ತು.

ಮುಖದ ಕೆಲಸ ಶುರುವಾಯಿತು. ಹಣೆ, ಮೂಗು, ಒಂದು ಕಣ್ಣು. ಕೊನೆಗೊಂದು ದಿನ ಉಳಿ ಎಡಗೆನ್ನೆಗೆ ಬಂತು.

ದಪ್.

ಕಿಟಕಿಯಮ್ಮ ಕಿಟಕಿಗೆ ಕಿವಿಕೊಟ್ಟಳು. ಮತ್ತೊಂದು ಪೆಟ್ಟು. ದಪ್. ಈಗ ಸಿಪ್ಪೆಯ ನೆಪ ಹೇಳುವ ಹಾಗಿರಲಿಲ್ಲ. ಅತ್ತ ಅವನು ಗುನುಗುತ್ತಲೇ ಇದ್ದ. ಹೇಳಿದರೆ ಅವನ ಮಾನ, ಹೇಳದಿದ್ದರೆ ಅವನ ಕೆಲಸ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ಅವಳಿಗೆ.

ಮಧ್ಯಾಹ್ನ ಉಂಡು ಅವನು ಮಲಗಿದ ಮೇಲೆ ಒಂದು ಬಿಂದಿಗೆ ನೀರು ಎತ್ತಿಕೊಂಡು ಮಾಡಿನ ಕೆಳಗೆ ಹೋದಳು. ದಾದಿಯ ತಲೆಯ ಮೇಲಿಂದ ಮೆಲ್ಲಗೆ ಸುರಿದಳು. ಇದೂ ಅವನು ಕಲಿಸಿದ್ದೇ. ನೀರು ಹಾಕಿ ಬಿಟ್ಟರೆ ಕಲ್ಲು ಒಣಗುತ್ತದೆ. ಬಿರುಕು ಮಾತ್ರ ನೀರು ಕುಡಿದುಕೊಂಡು ಕಪ್ಪಗೆ ಉಳಿಯುತ್ತದೆ. ಗಾಳಿ ಬೀಸುತ್ತಿತ್ತು. ಹಣೆ ಒಣಗಿತು, ಮೂಗು ಒಣಗಿತು. ಕಿವಿಯ ಮೇಲಿಂದ ಕೆನ್ನೆಯನ್ನು ದಾಟಿ, ಇನ್ನೂ ಕೆತ್ತದ ಬಾಯಿಯ ಮೂಲೆಯ ಮೂಲಕ ಕತ್ತಿಗೆ ಇಳಿದ ಕೂದಲೆಳೆಯಂಥ ಗೆರೆ ಒಣಗಲಿಲ್ಲ.

"ಸ್ನಾನ ಮಾಡಿಸ್ತಿದೀಯಾ ಆಕೆಗೆ?"

ಅವಳು ಬೆಚ್ಚಿ ತಿರುಗಿದಳು. ಶಿಲ್ಪಿ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದ. ಅವನ ಕಣ್ಣು ಅಷ್ಟರಲ್ಲಿ ಗೆರೆಯ ಮೇಲೆ ಬಿದ್ದಿತ್ತು. ಹತ್ತಿರ ಬಂದು ಉಗುರಿನಿಂದ ಮೇಲಿಂದ ಕೆಳಗಿನವರೆಗೆ ಅದನ್ನು ಸವರಿದ. ಮತ್ತೆ ಕೆಳಗಿಂದ ಮೇಲಕ್ಕೆ.

"ಯಾವಾಗ ಗೊತ್ತಾಯ್ತು?" ಎಂದ.

ಅವಳು ಅವನ ಕಿವಿಯ ಹತ್ತಿರ ಬಾಯಿಟ್ಟಳು. ಇಷ್ಟು ದಿನದಲ್ಲಿ ಮೊದಲ ಸಲ, ಕಿವುಡರ ಹತ್ತಿರ ಮಾತಾಡುವ ಹಾಗೆ ಮಾತಾಡಿದಳು. ಬೀದಿಗೆಲ್ಲ ಕೇಳಿಸುವಂತಿತ್ತು. "ಕಲ್ಲು ಬಂದ ವಾರಾನೇ ಅನುಮಾನ ಬಂತು!"

"ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ಕಲ್ಲು ಒಡಕು ಅಂದ್ರೆ ನಿಮಗೆ ಕಿವಿ ಕೇಳಿಸಲ್ಲ ಅಂತ ಮುಖಕ್ಕೆ ಹೇಳಿದ ಹಾಗೇ ಅಲ್ವಾ? ಗೋಡೆ ಬಿಸಿಲು ನೋಡಿ ಚಹಾಕ್ಕೆ ಬರೋರು ನೀವು. ನಿಮಗೆ ನೋವಾಗುತ್ತೆ ಅಂತ ಸುಮ್ನಿದ್ದೆ."

ಶಿಲ್ಪಿ ಕಲ್ಲಿನ ಚಕ್ಕೆಗಳ ನಡುವೆ ಕುಕ್ಕರುಗಾಲಲ್ಲಿ ಕೂತ. ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಸಲೀಸಾಗಿತ್ತು.

"ಕಲ್ಲಿನ ವ್ಯಾಪಾರಿ ಹತ್ರಾನೇ ತಟ್ಟಿ ನೋಡ್ದೆ," ಎಂದ. "ಏನೂ ಕೇಳಿಸಲಿಲ್ಲ. ಕಲ್ಲಿಗೆ ಹಣೆ ಕೊಟ್ಟು ತಟ್ಟಿ ನೋಡ್ದೆ. ಆಗಲೂ ಇಲ್ಲ. ವ್ಯಾಪಾರಿ ನಗ್ತಿದ್ದ. ಆದ್ರೂ ತಂದೆ. ಯಾಕೆ ಅಂತೀಯಾ? ಕಿಟಕೀಲಿ ನೀನಿದ್ದೀಯಲ್ಲ. ಕೆಟ್ಟ ಕಲ್ಲಾದ್ರೆ ನೀನು ಹೇಳೇ ಹೇಳ್ತೀಯ ಅಂತ. ಆ ವಾರ ದಿನಾ ಬಂದು ನಿನ್ನ ಮುಖ ನೋಡ್ದೆ. ನೀನು ನಗ್ತಿದ್ದೆ, ಚಹಾ ಹಾಕ್ಲಾ ಅಂತಿದ್ದೆ. ಸರಿ, ಕಲ್ಲು ಗಟ್ಟಿ ಅಂದ್ಕೊಂಡೆ."

ಕಿಟಕಿಯಮ್ಮ ಬಿಂದಿಗೆ ಕೆಳಗಿಟ್ಟು ಅವನ ಎದುರಿಗೆ ಕೂತಳು.

"ಹಾಗಾದ್ರೆ ನಂಗೆ ಗೊತ್ತು ಅಂತ ನಿಮಗೂ ಗೊತ್ತಿತ್ತಾ?"

"ನಿಂಗೆ ಗೊತ್ತಾಗ್ದೆ ಇರುತ್ತಾ? ಆದ್ರೆ ನಾಟಕ ಚಹಾಕ್ಕೆ ಮಾತ್ರ ಅಂದ್ಕೊಂಡಿದ್ದೆ ಕಣೇ. ಕಲ್ಲಿಗೂ ಆಡ್ತಿದ್ದೀಯ ಅಂತ ಗೊತ್ತಾಗಲಿಲ್ಲ."

ಅಳು ಬಂದದ್ದು ಕಿಟಕಿಯಮ್ಮನಿಗೆ. ಅಷ್ಟು ತಿಂಗಳ ಅವನ ಬೆನ್ನು, ಮಂಡಿ, ಕಣ್ಣು ಎಲ್ಲವೂ ಆ ಕಲ್ಲಿನೊಳಗೆ ಹೋಗಿದ್ದವು. ತನ್ನದೊಂದು ನಗುವಿನಿಂದ ಹೋಗಿದ್ದವು. ಸೆರಗಿನಿಂದ ಮೂಗೊರೆಸಿಕೊಂಡು, "ಅಂಟು ಹಾಕಿ ಮುಚ್ಚಿಬಿಡೋಣ ರೀ," ಎಂದಳು. "ಕಲ್ಲುಪುಡಿ ಕಲಸಿ ತುಂಬಿದ್ರೆ ಯಾರಿಗೆ ಕಾಣುತ್ತೆ? ಬೇರೆಯವರು ಮಾಡಲ್ವಾ?"

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಎಷ್ಟು ದಿನದಿಂದ ಹೀಗೆ ತುಟಿ ನೋಡಿ ಮಾತು ಹಿಡಿಯುತ್ತಿದ್ದನೋ!

"ಎಷ್ಟು ವರ್ಷ ನಿಲ್ಲುತ್ತೆ? ಬಿಸಿಲು, ಮಳೆ, ಒಂದಿನ ಕೆನ್ನೆ ಕಳಚಿ ಬೀಳುತ್ತೆ. ಕೆಳಗೆ ಯಾವಳೋ ಬಸುರಿ ನಿಂತಿರ್ತಾಳೆ. ಆಸ್ಪತ್ರೆ ಬಾಗಿಲು ಅದು. ಬದುಕಿದ್ದಾಗ ಅಷ್ಟು ಜನಾನ ಕಾಪಾಡಿದೋಳ ಕೈಲಿ ಆ ಪಾಪ ಮಾಡಿಸ್ಲಾ?"

ಮರುದಿನ ಬೆಳಿಗ್ಗೆ ಅವನೇ ಬೆಣೆ ಇಟ್ಟು ಹೊಡೆದ. ಹೊಡೆಯುವ ಮುನ್ನ ಮುಖವನ್ನು ಟವೆಲಿನಿಂದ ಒರೆಸಿದ. ಕಲ್ಲು ಗೆರೆಯುದ್ದಕ್ಕೂ ಸೀಳಿ ಎರಡಾಯಿತು. ಒಳಗಿನ ಮೈ ತುಕ್ಕು ಬಣ್ಣಕ್ಕಿತ್ತು. ಬಿರುಕು ಹಳೆಯದು, ಅವರಿಬ್ಬರಿಗಿಂತಲೂ ಹಳೆಯದು. ಮಗುವನ್ನು ಹಿಡಿದ ಕೈಗಳು ಮಾತ್ರ ಹಾಗೇ ಉಳಿದವು. ಆ ತುಂಡನ್ನು ಕಿಟಕಿಯ ಕೆಳಗೆ ತಂದಿಟ್ಟುಕೊಂಡರು.

ಆಸ್ಪತ್ರೆಗೆ ಇಬ್ಬರೂ ಹೋದರು. ದಾರಿಯುದ್ದಕ್ಕೂ ಕಿಟಕಿಯಮ್ಮ ತಾನು ಆಡಬೇಕಾದ ಮಾತನ್ನು ಜೋಡಿಸಿಕೊಂಡಿದ್ದಳು: ಕಲ್ಲು ಮೋಸ ಮಾಡಿತು, ಯಾರ ತಪ್ಪೂ ಅಲ್ಲ. ಆದರೆ ದೊಡ್ಡ ನರ್ಸಮ್ಮನ ಕೋಣೆಯಲ್ಲಿ ಕೂತ ಕೂಡಲೇ ಶಿಲ್ಪಿ, ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯದೆ, ಹೊರಗೆ ಬೆಂಚಿನ ಮೇಲಿದ್ದವರಿಗೂ ಕೇಳಿಸುವ ಹಾಗೆ ಹೇಳಿಬಿಟ್ಟ.

"ಕಲ್ಲು ಒಡಕು ಇತ್ತಮ್ಮ. ನಂಗೆ ಕೇಳಿಸಲಿಲ್ಲ. ಕಿವಿ ಹೋಗಿದೆ. ಹೊಸ ಕಲ್ಲಲ್ಲಿ ಮೊದಲಿಂದ ಮಾಡಬೇಕು. ನಾನೇ ಮಾಡ್ತೀನಿ, ನನ್ನ ಖರ್ಚಲ್ಲಿ. ಆದ್ರೆ ಹೊಸ ವಾರ್ಡು ತೆರೆಯೋ ಹೊತ್ತಿಗೆ ಆಗಲ್ಲ."

ಅವನು ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಪರೀಕ್ಷೆ ಬರೆದು ಕೂತವನ ಹಾಗೆ ಕಾಯುತ್ತಿದ್ದ. ಕಿಟಕಿಯಮ್ಮನಿಗೆ ಅವನ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ನರ್ಸಮ್ಮ ಅವಳ ಕಡೆ ತಿರುಗಿ ಕೇಳಿದಳು.

"ಹೊಸ ಕಲ್ಲನ್ನ ಯಾರು ನೋಡ್ತಾರೆ?"

"ಏನಂದ್ರು?" ಎಂದು ಶಿಲ್ಪಿ ಹೆಂಡತಿಯನ್ನು ಕೇಳಿದ. ಅವಳು ಹೇಳಿದಳು.

"ಇವಳು," ಎಂದ ಅವನು. "ಮೊದಲೇ ಇವಳನ್ನ ಕರ್ಕೊಂಡು ಹೋಗಬೇಕಿತ್ತು. ದೊಡ್ಡಸ್ತಿಕೆ ಬಿಡಲಿಲ್ಲ."

ನರ್ಸಮ್ಮ ಇಬ್ಬರ ಕಡೆಗೂ ತಿರುಗಿದಳು. "ವಾರ್ಡು ತೆರೆಯೋದು ತೆರೆಯಲಿ," ಎಂದಳು. "ಹೆರಿಗೇನ ಅವಸರ ಮಾಡಬಾರದು ಅಂತ ಆಕೇನೇ ಹೇಳ್ತಿದ್ರು." ಕಿಟಕಿಯಮ್ಮ ಅದನ್ನು ಅವನ ಕಿವಿಗೆ ದಾಟಿಸಿದಳು. ಅವನು ಬಾಯಿಯ ಒಂದೇ ಬದಿಯಿಂದ ನಕ್ಕ. ಕಲ್ಲಿಗೆ ಬರುವ ಮೊದಲೇ ದಾದಿಯ ಆ ನಗು ಇವನಿಗೇ ಹತ್ತಿಬಿಟ್ಟಿತ್ತು.

ಕಲ್ಲಿನ ವ್ಯಾಪಾರಿಯ ಅಂಗಳಕ್ಕೆ ಕಿಟಕಿಯಮ್ಮ ಕಾಲಿಟ್ಟದ್ದು ಅದೇ ಮೊದಲು. ಸಾಲಾಗಿ ಒರಗಿಸಿದ ಕಲ್ಲುಗಳು, ಲಾರಿಗಳ ಧೂಳು. "ಏನಮ್ಮ, ಈ ಸಲ ನೀವೂ ಕಲ್ಲು ನೋಡೋಕೆ ಬಂದ್ರಾ?" ಎಂದ ವ್ಯಾಪಾರಿ. "ನೋಡೋಕಲ್ಲಪ್ಪ, ಕೇಳೋಕೆ," ಎಂದು ಅವಳು ಕಣ್ಣು ಮುಚ್ಚಿ ನಿಂತಳು. ಶಿಲ್ಪಿ ಒಂದೊಂದೇ ಕಲ್ಲನ್ನು ಮೇಲಿಂದ ಕೆಳಗಿನವರೆಗೆ ತಟ್ಟುತ್ತ ಹೋದ, ಅವಳ ಮುಖದಿಂದ ಕಣ್ಣು ಕೀಳದೆ. ಹುಬ್ಬು ಗಂಟಿಕ್ಕಿದರೆ ಮುಂದಿನ ಕಲ್ಲಿಗೆ. ಬಿಸಿಲು ನೆತ್ತಿಗೇರಿತು. ವ್ಯಾಪಾರಿ ಬೇಸತ್ತು ನೆರಳಿಗೆ ಹೋದ. ಅಂಗಳದ ಕೊನೆಯಲ್ಲಿ, ಯಾರೂ ಕೇಳದೆ ಮುಳ್ಳುಗಿಡದ ಮರೆಯಲ್ಲಿ ಬಿದ್ದಿದ್ದ ಒಂದು ಕಲ್ಲಿನ ಬಳಿ ಅವಳ ಹುಬ್ಬು ಸಡಿಲವಾಯಿತು. "ಇನ್ನೊಂದ್ಸಲ," ಎಂದು ಬೆರಳೆತ್ತಿದಳು. ಅವನು ಮತ್ತೆ ತಟ್ಟಿದ. ಅವಳಿಗೆ ಹೊಸದಾಗಿ ಮದುವೆಯಾಗಿ ಬಂದಾಗಿನ ಬೆಳಗುಗಳು, ಹಜಾರದಲ್ಲಿ ಕೂತ ಅತ್ತೆ, ಹಾಲು ಉಕ್ಕುವ ವಾಸನೆ ಎಲ್ಲ ಒಟ್ಟಿಗೆ ಕಿವಿಗೆ ಬಂದವು.

"ಹೇಗೆ ಕೂಗ್ತು?" ಎಂದು ಕೇಳಿದ ಶಿಲ್ಪಿ. ತನಗಿಲ್ಲದ ಊಟದ ರುಚಿ ಕೇಳುವವನ ಆಸೆ ಆ ದನಿಯಲ್ಲಿತ್ತು.

"ನಮ್ಮ ಮೊದಲ ವರ್ಷದ ಕಲ್ಲುಗಳ ಹಾಗೆ," ಎಂದು ಅವಳು ಕಿವಿಯಲ್ಲಿ ಹೇಳಿದಳು.

ಮಗಳು ಅವನನ್ನು ವೈದ್ಯರ ಹತ್ತಿರ ಎಳೆದುಕೊಂಡು ಹೋಗಿ ಕಿವಿಗೆ ಯಂತ್ರ ಕೊಡಿಸಿದಳು. ಅದನ್ನು ಹಾಕಿಕೊಂಡು ಕೆತ್ತಿದರೆ ತಗಡಿನ ಅಂಗಡಿಯೇ ತಲೆಯ ಮೇಲೆ ಬಿದ್ದ ಹಾಗಾಗುತ್ತದೆ ಎಂದು ಅವನು ಕೆಲಸದ ಹೊತ್ತಿನಲ್ಲಿ ಡಬ್ಬಿಯಲ್ಲಿಡುತ್ತಿದ್ದ. ಮಗಳು ಬಂದಾಗ ಮಾತ್ರ ಒಡವೆ ಹಾಕಿಕೊಂಡ ಹಾಗೆ ಹಾಕಿಕೊಂಡು ಕೂರುತ್ತಿದ್ದ.

ಹೊಸ ಕಲ್ಲಿನ ಸಿಪ್ಪೆ ಹೋಗಿ, ಹೆಗಲ ಅಂದಾಜು ಕಾಣತೊಡಗಿದ ಒಂದು ಸಂಜೆ ಚಹಾ ಕುದಿಯಿತು. ಕಿಟಕಿಯಮ್ಮನ ಕೈ ಅಭ್ಯಾಸಬಲದಿಂದ ಸೌಟಿಗೆ ಹೋಗಿ, ಅಲ್ಲೇ ನಿಂತಿತು. ಅವಳು ತಿಕ್ಕಿಟ್ಟ ಸ್ಟೀಲಿನ ತಟ್ಟೆಯೊಂದನ್ನು ಎತ್ತಿಕೊಂಡು ಕಿಟಕಿಯ ಬಿಸಿಲಿಗೆ ಹಿಡಿದು, ಮೆಲ್ಲಗೆ ಓರೆ ಮಾಡಿದಳು. ಬೆಳಕಿನ ಬಿಲ್ಲೆಯೊಂದು ಗೋಡೆಯ ಮೇಲೆ ತಡವರಿಸಿ, ಮೊಳೆಯನ್ನು ದಾಟಿ, ಶಿಲ್ಪಿಯ ಉಳಿಯ ತುದಿಯಲ್ಲಿ ಬಂದು ಕೂತಿತು. ಅವನ ಸುತ್ತಿಗೆ ಗಾಳಿಯಲ್ಲೇ ನಿಂತಿತು.

ಅವನು ತಿರುಗಿ ನೋಡಲಿಲ್ಲ. ಬಗ್ಗಿ ಪಕ್ಕದ ಕಲ್ಲಿನ ತುಂಡಿಗೆ, ಅವಳಿಗೆ ಮಾತ್ರ ಕೇಳಿಸುವ ಮೂರು ಪೆಟ್ಟು ಕೊಟ್ಟ.